ತಪ್ಪಿನ ವಹಿಯಲ್ಲಿ ಇಲ್ಲದ ಸಾಲು

ನಾನು ಸಿಂದಗಿಯಲ್ಲಿ ಹತ್ತನೆಯ ಇಯತ್ತೆ ಓದುತ್ತಿದ್ದ ವರ್ಷ ನಮ್ಮ ಶಾಲೆಯ ಹುಡುಗಿಯರ ಹಾಕಿ ತಂಡ ದೀಪಾವಳಿಯವರೆಗೆ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ಶಾಲೆಗಳವರು ಮಳೆಗಾಲ ಮುಗಿದ ಮೇಲೆ ಸರದಿಯಂತೆ ಒಬ್ಬರ ಮೈದಾನಕ್ಕೆ ಒಬ್ಬರು ಹೋಗಿ ಆಡುತ್ತಿದ್ದೆವು. ಮೈದಾನವೆಂದರೆ ಎರೆ ನೆಲ. ಮಳೆ ಬಿದ್ದರೆ ಕಾಲು ಕೀಳಲಾಗದ ಕೆಸರು, ಒಣಗಿದರೆ ಸ್ಟಿಕ್ಕಿನ ತುದಿ ಸಿಕ್ಕಿಕೊಳ್ಳುವಂಥ ಬಿರುಕು. ಅಣ್ಣಂದಿರ ಪಾಯಜಾಮದ ಮೇಲೆ ಪರಕಾರ ಉಟ್ಟು, ಅದನ್ನು ಮೊಳಕಾಲವರೆಗೆ ಎತ್ತಿ ಕಟ್ಟಿಕೊಂಡು ಆಡುತ್ತಿದ್ದೆವು.

ನಮಗೆ ಆಟ ಕಲಿಸುತ್ತಿದ್ದ ಡ್ರಿಲ್ ಮಾಸ್ತರರು ಪಲ್ಟನ್ನಿನಲ್ಲಿದ್ದು ಬಂದವರು. ಹೀಗೇ ಸೋಲುವುದಾದರೆ ಬರುವ ವರ್ಷದಿಂದ ಹುಡುಗಿಯರಿಗೆ ಖೋಖೋ ಸಾಕು ಎಂದು ಹೆಡ್‌ಮಾಸ್ತರರು ಅವರನ್ನು ಕರೆದು ಹೇಳಿದ್ದರು. ಮರುದಿನ ಅವರು ಗೆರೆ ಹಾಕಿದ ವಹಿಯೊಂದನ್ನು ತಂದು ನನ್ನ ಕೈಯಲ್ಲಿಟ್ಟರು. ನಾನು ಎಡಗಡೆಯ ಫುಲ್‌ಬ್ಯಾಕ್. ವಹಿ ನನಗೆ ಬಂದದ್ದು ಆಟದಿಂದಲ್ಲ, ನನ್ನ ದುಂಡು ಅಕ್ಷರದಿಂದ.

“ಗೋಲು ತಾನ ಆಗಂಗಿಲ್ಲ,” ಎಂದರು. “ಯಾರರೆ ಬಿಟ್ಟಿರ್ತಾರ. ಯಾರು, ಎಲ್ಲಿ, ಹ್ಯಾಂಗ, ಬರಿ. ಹೆಸರು ಬ್ಯಾಡ, ಜಾಗಾ ಸಾಕು. ಕಮ್ಮಿ ಬರಿಬ್ಯಾಡ, ಹೆಚ್ಚ ಬರಿಬ್ಯಾಡ.”

ಹುಡುಗಿಯರು ಅದಕ್ಕೆ ತಪ್ಪಿನ ವಹಿ ಎಂದು ಹೆಸರಿಟ್ಟರು. ಪಂದ್ಯದ ಮರುದಿನ ಬೇವಿನ ಗಿಡದ ಕೆಳಗೆ ನಾವು ಸಾಲಾಗಿ ನಿಲ್ಲುತ್ತಿದ್ದೆವು. ನಾನು ಓದಬೇಕು. ಯಾರ ಜಾಗ ಬರುತ್ತದೋ ಅವಳು ಒಂದು ಹೆಜ್ಜೆ ಮುಂದೆ ಬಂದು “ಹೌದ್ರಿ ಸರ” ಅನ್ನಬೇಕು. ವಾದ ಮಾಡುವಂತಿರಲಿಲ್ಲ. ಬೇರೆಯವರು ನಗುವಂತೆಯೂ ಇರಲಿಲ್ಲ.

ನಮ್ಮ ಗೋಲ್‌ಕೀಪರ್ ನನ್ನ ತರಗತಿಯವಳೇ, ಕುರಿ ಸಾಕುವ ಮನೆತನದವಳು. ಶಾಲೆಯಲ್ಲಿ ಕಾಲಿಗೆ ಕಟ್ಟುವ ಪ್ಯಾಡು ಇರಲಿಲ್ಲ. ಅವಳ ಅವ್ವ ಹಳೆಯ ಕೌದಿಯನ್ನು ಕತ್ತರಿಸಿ, ಒಳಗೆ ಕುರಿಯ ಉಣ್ಣೆ ತುಂಬಿ, ಎರಡು ಪ್ಯಾಡು ಹೊಲಿದು ಕೊಟ್ಟಿದ್ದಳು. ಕೆಂಪು, ಹಸಿರು, ಅರಿಸಿನದ ಚೌಕಗಳು. ಬೇರೆ ಊರಿನ ಹುಡುಗಿಯರು ಅದನ್ನು ನೋಡಿ ನಗುತ್ತಿದ್ದರು.

“ಏ, ಹಾಸಿಗಿ ಸುತ್ಕೊಂಡು ಬಂದಾಳ ನೋಡ್ರೆ.”

“ಹೌದ,” ಎನ್ನುತ್ತಿದ್ದಳು ಅವಳು. “ನೀವು ಗೋಲ್ ಹೊಡಿಯೂ ತನಕ ನಂದೊಂದು ನಿದ್ದಿ ಆಕ್ಕೈತಿ.”

ಇಂಡಿಯ ಪಂದ್ಯ ಕೊನೆಯ ಗಳಿಗೆಯವರೆಗೂ ಸಮನಾಗಿತ್ತು. ಆಗ ಅವರ ಫಾರ್ವರ್ಡ್ ಹೊಡೆದ ಚೆಂಡು ನಮ್ಮ ಕಡೆ ಬಂತು. ಗೋಲ್‌ಕೀಪರ್ ಅದನ್ನು ಒದೆಯಲು ಮುಂದೆ ಓಡಿ ಬರುತ್ತಿದ್ದಳು. ನಾನು “ನನ್ನದು” ಎಂದು ಕೂಗಿದೆ. ಹಾಗೆ ಕೂಗಿದರೆ ಉಳಿದವರು ಬಿಟ್ಟು ನಿಲ್ಲಬೇಕೆಂಬುದು ನಮ್ಮ ತಂಡದ ಕಟ್ಟಳೆ. ಅವಳು ನಿಂತಳು. ಚೆಂಡು ಒಂದು ಬಿರುಕಿಗೆ ತಾಗಿ ನನ್ನ ಸ್ಟಿಕ್ಕಿನ ಮೇಲಿಂದ ಹಾರಿ, ಅವಳ ಎಡಗಡೆಯಿಂದ ಗೋಲಿನೊಳಗೆ ಹೋಯಿತು. ಇಂಡಿಯ ಜನರ ಗದ್ದಲದಲ್ಲಿ ನನ್ನ ಕೂಗು ಅವಳೊಬ್ಬಳ ಹೊರತು ಯಾರಿಗೂ ಕೇಳಿಸಿರಲಿಲ್ಲ.

ಬರುವಾಗ ಬಸ್ಸಿನಲ್ಲಿ ಬರೆದೆ: “ಗೋಲ್‌ಕೀಪರ್ ಮುಂದೆ ಬಂದು ನಡುವೆಯೇ ನಿಂತಳು. ಚೆಂಡು ಅವಳ ಎಡಗಡೆಯಿಂದ ಹೋಯಿತು.”

ಓದಿ ನೋಡಿದೆ. ಒಂದಕ್ಷರವೂ ಸುಳ್ಳಲ್ಲ. ನಾನು ಕೂಗಿದ್ದನ್ನು ಬರೆಯಲೆಂದು ಪೆನ್ನು ಇನ್ನೂ ಹಿಡಿದೇ ಇದ್ದೆ. ಬಸ್ಸು ಕುಲುಕಾಡುತ್ತಿತ್ತು, ಅಕ್ಷರ ಕೆಡುತ್ತದೆ, ಮನೆಗೆ ಹೋಗಿ ಬರೆದರಾಯಿತು ಎಂದುಕೊಂಡು ವಹಿ ಮುಚ್ಚಿದೆ. ಮನೆಗೆ ಹೋಗಿ ಬರೆಯಲಿಲ್ಲ. ಮುಂದೆ ಧಾರವಾಡದಲ್ಲಿ ಎಂ.ಎ. ಓದುವಾಗ ನನ್ನ ಟಿಪ್ಪಣಿಗಳು ಅಚ್ಚುಕಟ್ಟಾಗಿರುತ್ತವೆಂದು ಗುರುಗಳು ಮೆಚ್ಚುತ್ತಿದ್ದರು. ಮೆಚ್ಚಿದಾಗಲೆಲ್ಲ ಈ ಎರಡು ವಾಕ್ಯಗಳು ನೆನಪಿಗೆ ಬರುತ್ತಿದ್ದವು.

ಮರುದಿನ ಬೇವಿನ ಗಿಡದ ಕೆಳಗೆ ಓದಿದೆ. ಗೋಲ್‌ಕೀಪರ್ ಕೂಡಲೇ ಮುಂದೆ ಬರಲಿಲ್ಲ. ನಾನು ಇನ್ನೂ ಓದುವುದಿದೆ ಎಂದು ಕಾಯುತ್ತಿದ್ದಳು. ನಾನು ವಹಿಯಿಂದ ತಲೆ ಎತ್ತಲಿಲ್ಲ.

“ಏನವಾ, ಕಿವಿ ಕೇಳಂಗಿಲ್ಲೇನು?” ಎಂದರು ಮಾಸ್ತರರು.

ಅವಳು ಒಂದು ಹೆಜ್ಜೆ ಮುಂದೆ ಬಂದಳು. “ಹೌದ್ರಿ ಸರ.”

ಅಲ್ಲಿಗೇ ಮುಗಿದಿದ್ದರೆ ನಾನು ಇಂದು ಇದನ್ನು ಬರೆಯುತ್ತಿರಲಿಲ್ಲವೇನೋ. ಆದರೆ ಮಾಸ್ತರರು ಆ ವಾರವೇ ಮುಯ್ಯಿಯ ಮಾತು ಎತ್ತಿದರು. ನಮ್ಮ ಹೊಲಗಳಲ್ಲಿ ಇಂದು ನೀವು ನಮ್ಮ ಕಳೆ ತೆಗೆದರೆ ನಾಳೆ ನಾವು ಬಂದು ನಿಮ್ಮದು ತೆಗೆಯುವುದು ಮುಯ್ಯಿ. ನಾಲ್ಕೂ ಶಾಲೆಗಳಲ್ಲಿ ಹನ್ನೊಂದು ಹುಡುಗಿಯರನ್ನು ಕೂಡಿಸುವುದೇ ಕಷ್ಟ. ಹಾಗಾಗಿ ಯಾರಿಗಾದರೂ ಒಬ್ಬಳು ಕಡಿಮೆ ಬಿದ್ದರೆ ಇನ್ನೊಂದು ಶಾಲೆಯವರು ಒಬ್ಬಳನ್ನು ಕೊಡುತ್ತಿದ್ದರು, ಮುಂದಿನ ಸಲ ಅವರು ಕೊಡುತ್ತಿದ್ದರು. ಅದೂ ಮುಯ್ಯಿಯೇ. ಒಂದು ಮಧ್ಯಾಹ್ನದ ಮಾತು, ಅದರಲ್ಲಿ ಅವಮಾನವಿರಲಿಲ್ಲ. ಮಾಸ್ತರರು ಈ ಸಲ ಅದನ್ನು ಸಂಕ್ರಾಂತಿಯವರೆಗೆ ಮಾಡಿದರು. ಬಾಗೇವಾಡಿಯಲ್ಲಿ ಗೋಲ್ ಹೊಡೆಯುವ ಗಟ್ಟಿ ಫಾರ್ವರ್ಡ್ ಇದ್ದಳು, ಗೋಲ್‌ಕೀಪರ್ ಇರಲಿಲ್ಲ. ತಪ್ಪು ಯಾರ ಹೆಸರಲ್ಲಿದೆಯೋ ಅವಳು ಹೋಗಬೇಕು ಎಂದರು. ನಮ್ಮ ಗೋಲ್‌ಕೀಪರ್ ಅಲ್ಲಿಯ ತರಗತಿಯಲ್ಲಿ ಕೂರಬೇಕು, ಅವರ ಫಾರ್ವರ್ಡ್ ಇಲ್ಲಿ. ಇಬ್ಬರು ಹೆಡ್‌ಮಾಸ್ತರರೂ ಒಪ್ಪಿದರು.

ಗೋಲ್‌ಕೀಪರಳ ಸೋದರಮಾವ ಹೂವಿನ ಹಿಪ್ಪರಗಿಯಲ್ಲಿದ್ದ. ಅಲ್ಲಿಂದ ಬಾಗೇವಾಡಿಗೆ ಬೆಳಗಿನ ಬಸ್ಸಿತ್ತು. ಪರರ ಮನೆಯಲ್ಲಿ ಇರುವ ತೊಂದರೆ ಹುಡುಗಿಗೆ ತಪ್ಪಿತು ಎಂದು ಮಾಸ್ತರರು ಸಮಾಧಾನಪಟ್ಟರು. ಅವರ ಮನಸ್ಸಿನಲ್ಲಿ ಅದು ದಯೆಯೇ ಆಗಿತ್ತು.

ಆ ಸಂಜೆ ಅವಳು ನಳದ ಹತ್ತಿರ ನನ್ನನ್ನು ತಡೆದಳು. ನನ್ನ ಕೈಯಲ್ಲಿ ವಹಿಯಿತ್ತು.

“ಮಾವನ ಮನ್ಯಾಗ ಮಗ ಅದಾನ,” ಎಂದಳು. “ಎರಡು ವರ್ಷದಿಂದ ನನ್ನ ಕೇಳಾಕತ್ಯಾನ ಮಾವ. ಅವ್ವ ಸಾಲಿ ಐತಿ, ಸಾಲಿ ಐತಿ ಅಂತ ಮುಂದ ಹಾಕ್ಕೋತ ಬಂದಾಳ. ಈಗ ಸಾಲಿಯವರ ನನ್ನ ಅಲ್ಲಿ ಕಳಿಸಿದ್ರ ಅವ್ವ ಏನಂತ ಹೇಳಬೇಕು? ಹೊಳ್ಳಿ ಬರಾಕ ಬಿಡಂಗಿಲ್ಲ ಅವರು.”

ನಾನು ವಹಿಯನ್ನು ಬೆನ್ನ ಹಿಂದೆ ಹಿಡಿದೆ.

“ನೀ ಸುಳ್ಳು ಬರದಿದ್ರ ನಿನ್ನ ಬೈಯಾಕ ಬರ್ತಿತ್ತು. ಸುಳ್ಳೂ ಬರದಿಲ್ಲ ನೀ. ಒಂದ್ ಸಾಲು ಬರಿ, ಅಷ್ಟ.”

“ಸರ ಮುಂದ ಓದಿ ಮುಗದೈತಿ,” ಎಂದೆ. “ಈಗ ಬರದ್ರ ತಿದ್ದಿದಂಗ ಆಕ್ಕೈತಿ.”

ನನಗೇ ಆ ಮಾತು ಕಾನೂನಿನಂತೆ ಕೇಳಿಸಿತು. ಅವಳು ನಳದ ಕೆಳಗೆ ಕೈ ಹಿಡಿದು ನೀರು ಕುಡಿದು, ಬಾಯಿ ಒರೆಸಿಕೊಂಡು ಹೋದಳು. ಸೋಮವಾರ ಅವಳ ಅಪ್ಪ ಪ್ಯಾಡುಗಳನ್ನು ಚೀಲದಲ್ಲಿ ಹಾಕಿಕೊಂಡು ಅವಳನ್ನು ಬಸ್ಸು ಹತ್ತಿಸಿದ.

ಬಾಗೇವಾಡಿಯಿಂದ ಬಂದ ಫಾರ್ವರ್ಡ್ ಉದ್ದ ಕಾಲಿನ, ಮಾತು ಕಡಿಮೆಯ ಹುಡುಗಿ. ನಮ್ಮ ಗೋಲಿಗೆ ಒಂಬತ್ತನೆಯ ಇಯತ್ತೆಯವಳೊಬ್ಬಳನ್ನು ನಿಲ್ಲಿಸಿದರು. ಅವಳು ಬಂದ ಎರಡನೆಯ ವಾರ ಮುದ್ದೇಬಿಹಾಳದಲ್ಲಿ ನಾವು ಗೆದ್ದೆವು. ಹುಡುಗಿಯರು ಬಸ್ಸಿನುದ್ದಕ್ಕೂ ಹಾಡಿದರು. ಹೆಡ್‌ಮಾಸ್ತರರು ಎಲ್ಲರಿಗೂ ಪೇಡೆ ತರಿಸಿದರು. ಖೋಖೋದ ಮಾತು ನಿಂತಿತು. ಆ ಪಂದ್ಯಕ್ಕೆ ವಹಿಯಲ್ಲಿ ಬರೆಯಲು ಏನೂ ಇರಲಿಲ್ಲ. ಒಂದು ಪುಟ ಖಾಲಿ ಬಿಟ್ಟೆ. ಈಗ ನಾನು ಬಾಯಿಬಿಟ್ಟರೆ ಈ ಗೆಲುವನ್ನೂ ಕೆಡಿಸಿದವಳಾಗುತ್ತೇನೆ ಎಂಬ ಇನ್ನೊಂದು ಕಾರಣ ನನಗೆ ಸಿಕ್ಕಿತು. ಕಾರಣಗಳಿಗೆ ಕೊರತೆಯಿರಲಿಲ್ಲ. ಪೇಡೆಯನ್ನು ಮಾತ್ರ ತಂಗಿಗೆ ಕೊಟ್ಟೆ.

ಸಂಕ್ರಾಂತಿಗೆ ಹತ್ತು ದಿನ ಉಳಿದಿರುವಾಗ ಸಂತೆಯಲ್ಲಿ ಗೋಲ್‌ಕೀಪರಳ ಅವ್ವ ಸಿಕ್ಕಳು. ಕಂಬಳಿ ಮಾರುವ ಸಾಲಿನಲ್ಲಿ ಕೂತಿದ್ದಳು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

“ವಹಿ ಬರಿಯಾಕಿ ನೀನ ಅಲ್ಲವಾ?”

“ಹೌದ್ರಿ.”

“ನಮ್ಮಣ್ಣ ಸಂಕ್ರಾಂತಿಗೆ ಸೀರಿ ತರ್ತೇನಿ ಅಂತ ಹೇಳಿ ಕಳಸ್ಯಾನ. ಸೀರಿ ತಂದ ಅಂದ್ರ ಒಲ್ಲೆ ಅನ್ನಾಕ ಬರಂಗಿಲ್ಲ, ಒಡಹುಟ್ಟಿದಂವ.” ಕಂಬಳಿಯ ಅಂಚನ್ನು ನೇವರಿಸಿದಳು. “ನಮ್ಮಾಕಿ ತಪ್ಪು ಬಾಳ ಇದ್ದೂವೇನವಾ ಅದರಾಗ? ಮನ್ಯಾಗ ಅಷ್ಟೇನ್ ಕೆಟ್ಟ ಹುಡುಗಿ ಅಲ್ಲ ಆಕಿ.”

ಬಾಳ ಇರಲಿಲ್ಲರಿ ಎಂದು ಹೇಳಿ ಎದ್ದು ಬಂದೆ. ಒಂದೂ ಇರಲಿಲ್ಲ ಎನ್ನಬೇಕಾಗಿತ್ತು.

ಬಾಗೇವಾಡಿಯ ಪಂದ್ಯ ಸಂಕ್ರಾಂತಿಗೆ ನಾಲ್ಕು ದಿನ ಮೊದಲು ಬಿತ್ತು. ನಾವು ಹೋಗಿ ಇಳಿದಾಗ ಗೋಲ್‌ಕೀಪರ್ ಅವರ ತಂಡದ ಜೊತೆ ಕೌದಿಯ ಪ್ಯಾಡು ಕಟ್ಟಿಕೊಳ್ಳುತ್ತಿದ್ದಳು. ನಮ್ಮ ಹುಡುಗಿಯರು ಓಡಿಹೋಗಿ ಮಾತಾಡಿಸಿದರು. ನಾನು ಹೋಗಲಿಲ್ಲ. ಅವಳ ಮಾವ, ರುಮಾಲು ಸುತ್ತಿದ ಗೆಲುವಿನ ಮನುಷ್ಯ, ತನ್ನ ಹೊಲದ ಸೀತನಿ ತಂದಿದ್ದ. ಹಸಿ ಜೋಳದ ತೆನೆ ಸುಟ್ಟು, ಬಡಿದು, ಬುಟ್ಟಿಯಲ್ಲಿ ತುಂಬಿಕೊಂಡು ಬಂದು ಎರಡೂ ತಂಡಗಳಿಗೆ ಹಂಚುತ್ತಿದ್ದ. ಇಬ್ಬರು ಮಾಸ್ತರರೂ ಗಿಡದ ಕೆಳಗೆ ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದರು. ನಾನು ವಹಿ ಹಿಡಿದು ಹಿಂದೆ ನಿಂತಿದ್ದೆ.

“ಮುಯ್ಯಿ ಪರೀಕ್ಷಾ ತನಕ ಮುಂದ ನಡಸೂಣೇನ್ರಿ?” ಎಂದು ನಮ್ಮ ಮಾಸ್ತರರು ಕೇಳಿದರು.

“ನಡಸ್ರಿ ನಡಸ್ರಿ,” ಎಂದ ಮಾವ. “ಹುಡುಗಿ ನಮ್ಮ ಮನ್ಯಾಗ ಹೊಂದಿಕೊಂಡೈತಿ.”

ಬಾಗೇವಾಡಿಯ ಮಾಸ್ತರರು ನಕ್ಕರು. “ನಂದೇನ್ ತಕರಾರಿಲ್ಲ. ಆದ್ರ ಮಾಸ್ತರ್ರ, ಇಂಥಾ ಗೋಲ್‌ಕೀಪರ್‌ನ ಯಾರರೆ ಬಿಡ್ತಾರೇನ್ರಿ? ಎತ್ತಿನ ಪ್ಯಾಟ್ಯಾಗ ಹಲ್ಲು ನೋಡಿದಂಗ ಕೇಳಾಕತ್ತೇನಿ. ಏನರೆ ಮುಚ್ಚಿಟ್ಟೀರೇನು?”

ನಮ್ಮ ಮಾಸ್ತರರಿಗೆ ಅದು ನಾಟಿತು. ಬೆನ್ನು ನೆಟ್ಟಗೆ ಮಾಡಿ ಕೂತರು. “ನಮ್ಮಲ್ಲಿ ಮುಚ್ಚಿಡೂದು ಇಲ್ರಿ. ಎಲ್ಲಾ ಬರದಿರತೈತಿ. ಏ, ಇಂಡಿದ ಓದವಾ.”

ನಾನು ಪುಟ ತೆಗೆದೆ. ಗೋಲ್‌ಕೀಪರ್ ಪ್ಯಾಡಿನ ಲಾಡಿ ಹಿಡಿದುಕೊಂಡೇ ನಮ್ಮ ಕಡೆ ನೋಡುತ್ತಿದ್ದಳು. ಮೊದಲ ವಾಕ್ಯ ಓದಿದೆ. ಎರಡನೆಯದನ್ನು ಓದಿದೆ. ಆಮೇಲೆ ಪುಟದ ಮೇಲೆಯೇ ಕಣ್ಣಿಟ್ಟು, ಅದೇ ದನಿಯಲ್ಲಿ ಹೇಳಿದೆ: “ಅದಕ್ಕೂ ಮೊದಲು ಎಡಗಡೆಯ ಫುಲ್‌ಬ್ಯಾಕ್ ‘ನನ್ನದು’ ಎಂದು ಕೂಗಿದ್ದಳು. ಅದನ್ನು ಕೇಳಿ ಗೋಲ್‌ಕೀಪರ್ ನಿಂತಳು. ಫುಲ್‌ಬ್ಯಾಕ್‌ಗೆ ಚೆಂಡು ಸಿಗಲಿಲ್ಲ.”

“ಹಂಗಾದ್ರ ಇದು ಕೀಪರ್ ತಪ್ಪಲ್ಲ ಬಿಡ್ರಿ,” ಎಂದರು ಬಾಗೇವಾಡಿಯವರು.

ನಮ್ಮ ಮಾಸ್ತರರು ಕೈ ಚಾಚಿದರು. ವಹಿ ಕೊಟ್ಟೆ. ಅವರು ಆ ಪುಟ ನೋಡಿದರು, ಮುಂದಿನದನ್ನು ನೋಡಿದರು, ಮತ್ತೆ ಹಿಂದಕ್ಕೆ ತಿರುವಿದರು.

“ಇಲ್ಲೆ ಇಲ್ಲಲ್ಲ.”

“ಬರದಿಲ್ರಿ ಸರ.”

“ಯಾಕ?”

ಸೀತನಿಯ ಹೊಟ್ಟು ಅವರ ಮೀಸೆಗೆ ಅಂಟಿಕೊಂಡಿತ್ತು, ಅದನ್ನೇ ನೋಡುತ್ತ ನಿಂತೆ.

“ಒಂದ್ ಹೆಜ್ಜಿ ಮುಂದ ಬಾ,” ಎಂದರು.

ಬಂದೆ. ಎರಡೂ ತಂಡದ ಹುಡುಗಿಯರು ನಮ್ಮ ಕಡೆ ತಿರುಗಿದ್ದರು.

“ಹೌದ್ರಿ ಸರ,” ಎಂದೆ.

ಅವರು ಬಾಗೇವಾಡಿಯವರ ಕಡೆ ತಿರುಗಿದರು. “ಮುಯ್ಯಿ ಇವತ್ತಿಗೆ ಮುಗೀತ್ರಿ. ಆಟ ಆದ ಮ್ಯಾಲ ನಿಮ್ಮಾಕೀನ ನೀವು ಇಟ್ಕೊಳ್ರಿ, ನಮ್ಮಾಕೀನ ನಾ ಕರ್ಕೊಂಡು ಹೋಗ್ತೇನಿ.”

“ಅಲ್ರಿ, ಹಬ್ಬ ಮುಗಿಸ್ಕೊಂಡು ಬರ್ತಾಳ ತಗೋರಿ,” ಎಂದ ಮಾವ.

“ತಪ್ಪಿಲ್ಲದಾಕೀನ ಬಿಟ್ಟು ಹೋಗಾಕ ಬರಂಗಿಲ್ರಿ ಯಜಮಾನ್ರ. ಆಕಿ ಅಪ್ಪಗ ನಾ ಏನ್ ಹೇಳಲಿ?”

ಮಾವ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದ. “ಆತು, ಪರೀಕ್ಷಾ ಮುಗೀಲಿ. ಆಮ್ಯಾಲ ನೋಡೂಣು,” ಎಂದ. ಆ ವರ್ಷಕ್ಕೆ ಅಷ್ಟು ಸಾಕಾಗಿತ್ತು.

ಮಾಸ್ತರರು ನನ್ನನ್ನು ಆಡಿಸಲಿಲ್ಲ. ನನ್ನ ಜಾಗದಲ್ಲಿ ಎಂಟನೆಯ ಇಯತ್ತೆಯ ಹುಡುಗಿಯನ್ನು ನಿಲ್ಲಿಸಿದರು. ನಾನು ಗೆರೆಯ ಹೊರಗೆ ಕೂತೆ. ಎದುರಿನ ಗೋಲಿನಲ್ಲಿ ನಮ್ಮ ಗೋಲ್‌ಕೀಪರ್ ನಮ್ಮವೇ ಹೊಡೆತಗಳನ್ನು ಒಂದೊಂದಾಗಿ ತಡೆದಳು. ಉದ್ದ ಕಾಲಿನ ಫಾರ್ವರ್ಡ್ ತನ್ನ ಸ್ವಂತ ಶಾಲೆಯ ಮೇಲೆ ಏಳೆಂಟು ಸಲ ಏರಿ ಹೋದಳು, ಚೆಂಡು ಪ್ರತಿ ಸಲ ಕೌದಿಗೆ ಬಡಿದು ಹೊರಬಂತು. ಕೊನೆಗೆ ನಾವು ಒಂದು ಗೋಲಿನಿಂದ ಸೋತೆವು. ಆ ಗೋಲು ಬಂದದ್ದು ಎಡಗಡೆಯಿಂದ, ಎಂಟನೆಯ ಇಯತ್ತೆಯವಳ ಪಕ್ಕದಿಂದ. ಅವಳು ಅಲ್ಲೇ ಕೂತು ಅತ್ತಳು. ನಮ್ಮ ಹುಡುಗಿಯರು ಯಾರೂ ನನ್ನ ಹತ್ತಿರ ಬರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ನನ್ನ ಪಕ್ಕದ ಜಾಗವೊಂದೇ ಖಾಲಿ ಉಳಿದಿತ್ತು. ಗೋಲ್‌ಕೀಪರ್ ಪ್ಯಾಡುಗಳನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಿ ಕೂತಳು. ಬಿಚ್ಚಿದ ಲಾಡಿಗಳನ್ನು ಪ್ಯಾಡಿಗೆ ಸುತ್ತಿದಳು.

“ಇನ್ನ ಮ್ಯಾಲ ನನ್ನದು ಅಂದಿ ಅಂದ್ರ, ಹೊಡಿ,” ಎಂದಳು.

“ಹ್ಞೂಂ.”

ಮುಂದಿನ ಸೀಟಿನಿಂದ ಮಾಸ್ತರರು ಹಿಂದೆ ತಿರುಗದೆ ವಹಿಯನ್ನು ಚಾಚಿದರು. ಅವಳು ಇಸಿದುಕೊಂಡು ನನ್ನ ಮಡಿಲಲ್ಲಿಟ್ಟಳು. ಪೆನ್ನು ತೆಗೆದು ಬರೆದೆ: “ಎಡಗಡೆಯ ಫುಲ್‌ಬ್ಯಾಕ್ ಜಾಗದಲ್ಲಿ ಹೊಸಬಳಿದ್ದಳು. ಹಳಬಳನ್ನು ಹೊರಗೆ ಕೂರಿಸಿದ್ದರು.”

ಅವಳು ನನ್ನ ಭುಜದ ಮೇಲಿಂದ ಓದಿದಳು.

“ಯಾಕ ಕೂಡಿಸಿದ್ರು ಅಂತ ಬರಿ.”

ಬಸ್ಸು ಕುಲುಕಾಡುತ್ತಿತ್ತು. ಅಕ್ಷರ ಕೆಟ್ಟಿತು. ಬರೆದೆ.