ನಡುವಿನ ಫ್ಯೂಸು

ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ಅಲ್ಲಿನ ಒಂದು ರೇಷ್ಮೆ ಕಾರ್ಖಾನೆಯಲ್ಲಿ ನೂಲು ಬಿಚ್ಚುವ ಹದಿನಾರು ಹೆಂಗಸರಿಗೆ ನಾನು ಮೇಸ್ತ್ರಿ. ಓದಿದ್ದು ಮೂರನೇ ಕ್ಲಾಸು. ಮಧುವನಹಳ್ಳಿಯಿಂದ ದಿನಾ ನಡೆದೇ ಬರುತ್ತಿದ್ದೆ.

ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಬೇಯಿಸಿ, ಎಳೆ ಹಿಡಿದು ರಾಟೆಗೆ ಕೊಡುವುದು ನಮ್ಮ ಕೆಲಸ. ಎಲ್ಲ ರಾಟೆಗಳನ್ನೂ ತಿರುಗಿಸೋದು ಒಂದೇ ಮೋಟರು. ಅದಕ್ಕೆ ಕರೆಂಟು ಮೂರು ತಂತಿಯಲ್ಲಿ ಬರುತ್ತಿತ್ತು, ಒಂದೊಂದಕ್ಕೂ ಒಂದು ಫ್ಯೂಸು. ಫ್ಯೂಸು ಅಂದರೆ ಪಿಂಗಾಣಿ ಹಿಡಿಯಲ್ಲಿ ಕಟ್ಟಿದ ದಾರದಂಥ ತಂತಿ. ಕರೆಂಟು ಅಳತೆ ಮೀರಿದರೆ ಅದು ಕರಗಿ ಕಡಿದುಹೋಗಬೇಕು. ಈಗಾದರೆ ತನ್ನಷ್ಟಕ್ಕೇ ಬಿದ್ದು ಕರೆಂಟು ನಿಲ್ಲಿಸುವ ಬ್ರೇಕರ್ ಬಂದಿದೆ. ಆಗ ಆ ಕೆಲಸ ಆ ತಂತಿಯದು.

ಆ ವರ್ಷ ಮಳೆ ಹಿಡಿದ ಮೇಲೆ ನಡುವಿನ ಫ್ಯೂಸು ಪದೇ ಪದೇ ಹೋಗತೊಡಗಿತು. ಮೋಟರು ನರಳಿ ನಿಲ್ಲೋದು. ನಿಂತಷ್ಟು ಹೊತ್ತು ಗೂಡು ಬೆಂದು ಗಂಜಿಯಾಗೋದು. ಯಾರ ತೊಟ್ಟಿಯ ಗೂಡು ಕೆಟ್ಟಿತೋ ಅವರಿಗೆ ಬೈಗುಳ. ಅಜ್ಜೀಪುರದ ಮಾದಮ್ಮನಿಗೆ ಮ್ಯಾನೇಜರು ಎರಡು ಸಲ ಹೇಳಿಯಾಗಿತ್ತು: ಇನ್ನೊಂದು ಸಲ ಕೆಟ್ಟರೆ ಕೆಲಸ ಬಿಡು. ಗಂಡ ಸತ್ತವಳು, ಎರಡು ಹೆಣ್ಣುಮಕ್ಕಳು ಬೇರೆ.

"ಒಂಚೂರು ದಪ್ಪ ತಂತಿ ಹಾಕಣ್ಣ" ಅಂದೆ ವೈರ್‌ಮನ್ ಮುರುಗೇಶಣ್ಣನಿಗೆ.

"ಬ್ಯಾಡಮ್ಮಾ. ಮೋಟರೊಳಗೇ ಏನೋ ಐತೆ. ಬಿಚ್ಚಿ ನೋಡ್ಬೇಕು, ಮ್ಯಾನೇಜರು ಎರಡು ದಿನ ನಿಲ್ಸಕ್ಕೆ ಒಪ್ತಿಲ್ಲ. ಊರಿಂದ ಬಂದು ಮಾತಾಡ್ತೀನಿ."

ತಂಗಿಯ ಮದುವೆಗೆ ಊರಿಗೆ ಹೊರಟಿದ್ದ. ಮೇನ್ ಸ್ವಿಚ್ಚು ಇಳಿಸಿ ಫ್ಯೂಸು ಕಟ್ಟೋದನ್ನು ಅವನೇ ನನಗೆ ಕಲಿಸಿದ್ದ. ತೆಳು ತಂತಿಯ ಸುರುಳಿ ನನ್ನ ಕೈಗಿಟ್ಟು ಹೋದ.

ಮಾರನೆಯ ಬೆಳಗ್ಗೆಯೇ ಮೂರು ಸಲ ಹೋಯಿತು. ಮಾದಮ್ಮ ಕೂಗಿದಳು: "ಲೇ ಪುಟ್ಟಿ, ಗಟ್ಯಾಗಿ ಕಟ್ಟೇ! ನಿನ್ ಗಂಡನ್ ಪಂಚೆ ಇದ್ದಂಗೈತೆ, ಕಟ್ದಷ್ಟೂ ಬಿಚ್ಚೋಯ್ತದೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂಲೆಯಲ್ಲಿ ಬಿದ್ದಿದ್ದ ತಾಮ್ರದ ತಂತಿ ತೆಗೆದುಕೊಂಡು ನಾಲ್ಕು ಎಳೆ ಹೊಸೆದು ಕಟ್ಟಿದೆ. ಮೋಟರು ಆಮೇಲೆ ನಿಲ್ಲಲೇ ಇಲ್ಲ. ಮಧ್ಯಾಹ್ನದವರೆಗೆ ಒಂದು ಗೂಡೂ ಕೆಡಲಿಲ್ಲ.

"ನನ್ ಕೆಲ್ಸ ಉಳುಸ್ದೆ ಕಣೇ" ಅಂದಳು ಮಾದಮ್ಮ, ಬುತ್ತಿ ಬಿಚ್ಚುತ್ತಾ.

ಉಂಡು ಬಂದವಳು ಒದ್ದೆ ಕೈಯಲ್ಲಿ ರಾಟೆಯ ಕಬ್ಬಿಣದ ಚೌಕಟ್ಟು ಹಿಡಿದಳು. ಬಿಡಲಿಲ್ಲ. ನಾನು ಓಡಿ ಸ್ವಿಚ್ಚು ಇಳಿಸುವಷ್ಟರಲ್ಲಿ ಜೀವ ಹೋಗಿತ್ತು.

ಮೋಟರಿನೊಳಗಿನ ಸುತ್ತು ಶೀತ ಹಿಡಿದು ಕರೆಂಟು ರಾಟೆಯ ಕಬ್ಬಿಣಕ್ಕೆ ಸೋರುತ್ತಿತ್ತಂತೆ. ಸೋರಿದಾಗೆಲ್ಲ ಫ್ಯೂಸು ಕಡಿದು ನಮ್ಮನ್ನು ಉಳಿಸುತ್ತಿತ್ತು. ನನ್ನ ತಾಮ್ರ ಕಡಿಯಲಿಲ್ಲ.

ವಿಚಾರಣೆಗೆ ಬಂದ ಇನ್‌ಸ್ಪೆಕ್ಟರು ಫ್ಯೂಸಿನ ಪೆಟ್ಟಿಗೆ ತೆಗೆದು ನೋಡಿ, "ಇದನ್ನ ಕಟ್ಟಿದ್ದು ಯಾರು?" ಅಂದರು.

"ನಾನೇ ಸಾ."

ಮ್ಯಾನೇಜರು ಅಡ್ಡ ಬಂದ. "ಸಂಕಟದಲ್ಲಿ ಏನೋ ಅಂತಾಳೆ ಸಾರ್. ಹೆಂಗಸು ಎಲ್ಲಾದರೂ ಫ್ಯೂಸು ಕಟ್ತಾಳಾ?"

ವೈರ್‌ಮನ್ ಹೆಸರು ಬರೆದುಕೊಂಡರು. ನಾನು ಇನ್ನೊಂದು ಸಲ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮುರುಗೇಶಣ್ಣ ಮದುವೆಯ ತಾಂಬೂಲ ಹಿಡಿದುಕೊಂಡು ಬಂದ. ಬಂದವನಿಗೆ ಕೆಲಸ ಇಲ್ಲ ಅಂದರು. ನಾನು ನಡೆದದ್ದೆಲ್ಲ ಹೇಳಿದೆ. ಬೈಯಲಿಲ್ಲ. "ನಾನು ಕೊಟ್ಟ ಸುರುಳಿ ಖಾಲಿ ಆಗಿತ್ತಾಮ್ಮಾ?" ಅಂತ ಒಂದೇ ಮಾತು ಕೇಳಿದ.

ಖಾಲಿ ಆಗಿರಲಿಲ್ಲ.

ಆಮೇಲೂ ಇಪ್ಪತ್ತು ವರ್ಷ ಅಲ್ಲೇ ದುಡಿದೆ. ಮೋಟರು ನಿಂತರೆ, ಯಾಕೆ ನಿಂತಿತು ಅಂತ ಗೊತ್ತಾಗುವವರೆಗೆ ಫ್ಯೂಸು ಮುಟ್ಟಲು ಯಾರನ್ನೂ ಬಿಡಲಿಲ್ಲ. ಗೂಡು ಕೆಟ್ಟಾಗ ಬೈಗುಳ ನಾನೇ ತಿಂದೆ. ಬ್ರೇಕರ್ ಪದೇ ಪದೇ ಬೀಳುತ್ತೆ ಅಂತ ಈಗಿನವರು ಇನ್ನೂ ದೊಡ್ಡದು ತಂದು ಕೂರಿಸುತ್ತಾರೆ. ಕೂರಿಸುವ ಮುಂಚೆ ಅದು ಯಾಕೆ ಬೀಳುತ್ತಿದೆ ಅಂತ ನೋಡಿ. ನಾನು ನೋಡಲಿಲ್ಲ.