ದಿನಕ್ಕೊಂದು ಗೇಣು ನಡೆದ ಕೆಂಪು ಕಾರು

ನಿಮಗೂ ಹೀಗೆ ಆಗಿದೆಯಾ, ಹೇಳಿ. ಮಾರಬೇಕು ಅಂತ ತಂದಿಟ್ಟ ಒಂದು ವಸ್ತು. ಕಣ್ಣೆದುರೇ ಅದರ ಬೆಲೆ ಇಳಿಯುತ್ತಿದೆ. ಕೇಳಿದವರಿಗೆಲ್ಲ ನೀವು ಇಲ್ಲ ಅನ್ನುತ್ತಿದ್ದೀರಿ. ಹಳೇ ಬೆಲೆ ವಾಪಸ್ ಬಂದೇ ಬರುತ್ತದೆ ಅಂತ ಯಾರೋ ನಿಮ್ಮ ಕೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟ ಹಾಗೆ ನಂಬಿದ್ದೀರಿ. ಆಗಿದ್ದರೆ ಓದಿ. ಆಗಿಲ್ಲದಿದ್ದರೂ ಓದಿ, ಮುಂದೆ ಆಗುತ್ತದೆ.

ನಮ್ಮ ಚಾಚಾ ಅವರ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ಅದಿರಿನ ಟಿಪ್ಪರಿನ ಹಿಂಬಾಗಿಲು ಬಡಿದು ಮುರಿದಿತ್ತಂತೆ. ಯಾರೋ ಬಟ್ಟೆ ಸುತ್ತಿ ಕಟ್ಟಿದರು, ಅದು ಸೊಟ್ಟಗೇ ಕೂಡಿಕೊಂಡಿತು. ಹಾಗಾಗಿ ಕೈ ಅಗಲಿಸಿ ಗೇಣು ಹಾಕಿದರೆ ಅವರ ಗೇಣು ಉಳಿದವರದಕ್ಕಿಂತ ಎರಡು ಬೆರಳು ದೊಡ್ಡದು.

ಚಾಚಾ ಅಂತ ಕರೆಯುತ್ತಿದ್ದೆ ಅಷ್ಟೇ, ರಕ್ತಸಂಬಂಧ ಏನಿಲ್ಲ. ವಿಜಯಪುರದ ಕಡೆಯವರು. ಗೋವಾದ ಮಡಗಾಂವ್ ಊರ ಹೊರಗೆ ನನ್ನದೊಂದು ಹಳೇ ಕಾರಿನ ಯಾರ್ಡ್ ಇದೆ. ಅಲ್ಲಿ ಗಾಡಿ ತೊಳೆಯಲು, ಕಾಯಲು ಇದ್ದವರು ಅವರು. ನಾನು ಬಂದರಿನ ಪಕ್ಕ, ನಮ್ಮ ಕನ್ನಡದವರು ತುಂಬಿರುವ ಸಡಾದಲ್ಲಿ ಬೆಳೆದವಳು, ಅಪ್ಪ ಆ ಬಂದರಿನಲ್ಲಿ ಮೂಟೆ ಹೊತ್ತವರು. ಹೆಂಗಸು ಹಳೇ ಕಾರು ಮಾರುತ್ತಾಳಾ ಅಂತ ನಕ್ಕವರ ನಡುವೆ ಹನ್ನೆರಡು ವರ್ಷ ಈ ಯಾರ್ಡ್ ನಡೆಸಿದ್ದೇನೆ. ನನಗೆ ಇದೊಂದೇ ಗೊತ್ತಿರುವ ಕೆಲಸ.

ಬೆಳಗ್ಗೆ ಬಂದವರೇ ಚಾಚಾ ಮೊದಲು ಮಾಡುತ್ತಿದ್ದದ್ದು ಇದು. ನಿಂತ ಪ್ರತಿ ಕಾರಿನ ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ನೆಲದ ಮೇಲೆ ಒಂದು ಗೇಣು ಅಳೆದು, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಆಮೇಲೆ ಹಿಂದೆ ಹೋಗಿ ಭುಜ ಕೊಟ್ಟು, ಚಕ್ರ ಗೆರೆ ಮುಟ್ಟುವ ತನಕ ತಳ್ಳುತ್ತಿದ್ದರು. ಇವತ್ತು ಮುಂದಕ್ಕೆ ಒಂದು ಗೇಣು, ನಾಳೆ ಹಿಂದಕ್ಕೆ ಒಂದು ಗೇಣು. ವಾರಕ್ಕೊಮ್ಮೆ ಎಂಜಿನ್ನನ್ನೂ ಸ್ವಲ್ಪ ಹೊತ್ತು ಸುರು ಮಾಡಿಡುತ್ತಿದ್ದರು.

"ಏನ್ರಿ ಚಾಚಾ, ಗಾಡಿಗೂ ವಾಕಿಂಗಾ?" ಅಂತ ಮೊದಲ ವಾರ ಕೇಳಿದ್ದೆ.

"ನಗಬ್ಯಾಡ ತಂಗಿ. ಟೈರಿಗೆ ನೆಲಾ ಹತ್ತೋ ಜಾಗಾ ಅಂದ್ರ ಒಂದ ಗೇಣ. ಅದರ ಮ್ಯಾಲೇ ತಿಂಗಳಗಟ್ಟಲೆ ನಿಂತ್ರ ಅಲ್ಲಿ ಚಪ್ಪಟಿ ಆಕ್ಕತಿ. ಆಮ್ಯಾಲೆ ಓಡಿಸಿದ್ರ ಧಡ್ ಧಡ್ ಅಂತೈತಿ. ಒಂದ ಗೇಣ ಸರಿಸಿದ್ರ ಮುಗೀತು."

ಸಣ್ಣ ಕಾರುಗಳನ್ನು ಅವರು ಕೂಸು ಅನ್ನುತ್ತಿದ್ದರು. "ಬಿಳೇ ಕೂಸು ಇವತ್ತ ಕೆಮ್ಮಾಕತ್ತೈತಿ, ಪ್ಲಗ್ ನೋಡಸು" ಅನ್ನುವುದು ಅವರ ವರದಿ. ಒಂದು ದಿನ ನಾನು ಬಾನೆಟ್ ಮೇಲೆ ಚಹಾದ ಗ್ಲಾಸ್ ಇಟ್ಟೆ. "ನಿನ್ನ ತಲಿ ಮ್ಯಾಲೆ ಇಟಗೋ ತಂಗಿ, ಅದೂ ಚಪ್ಪಟಿನ ಐತಿ" ಅಂದರು. ಸಂಬಳ ಕೊಡುವವಳು ನಾನು, ಬೈಯುವವರು ಅವರು. ಹೀಗೇ ನಡೆದಿತ್ತು.

ಲಾಕ್‌ಡೌನ್ ತೆಗೆದ ಮೇಲಿನ ಮಾತು. ಬೀಚಿನ ಹೋಟೆಲುಗಳು ಖಾಲಿ, ಮದುವೆಗಳಿಲ್ಲ, ಹೊರಗಿನ ಜನವಿಲ್ಲ. ಕೈಯಲ್ಲಿ ದುಡ್ಡಿದ್ದಾಗ ಆಸೆಪಟ್ಟು ದೊಡ್ಡ ಗಾಡಿ ಕೊಂಡವರು ಒಬ್ಬೊಬ್ಬರೇ ಮಾರಲು ಹೊರಟರು. ಉತ್ತರ ಗೋವಾದ ಹೋಟೆಲಿನವನೊಬ್ಬ ತನ್ನ ಕೆಂಪು ಸ್ಪೋರ್ಟ್ಸ್ ಕಾರು ತಂದ. ಎರಡೇ ಸೀಟು. ಬಟನ್ ಒತ್ತಿದರೆ ಟಾಪ್ ತಾನಾಗಿ ಮಡಚಿಕೊಂಡು ಹಿಂದೆ ಹೋಗುತ್ತದೆ. ಒಂದು ವರ್ಷದ ಹಿಂದೆ ಮೂವತ್ತು ಲಕ್ಷಕ್ಕೆ ಹೋಗುತ್ತಿದ್ದ ಗಾಡಿ, ಹದಿನೆಂಟಕ್ಕೆ ತಗೋ ಅಂದ.

ನಾನು ಅಲ್ಲಿಯವರೆಗೆ ಮೂರು ಲಕ್ಷದ ಮೇಲಿನ ಗಾಡಿ ಮುಟ್ಟಿದವಳಲ್ಲ. ನನ್ನ ಗಿರಾಕಿಗಳೆಲ್ಲ ಗಾರೆ ಕೆಲಸದ ಗೌಂಡಿಗಳು, ಮೀನು ಮಾರುವವರು, ಸ್ವಂತದ್ದೊಂದು ವ್ಯಾನ್ ಆಗಲಿ ಅನ್ನುವವರು. ಆದರೆ ಆ ದಿನ ತಲೆಗೆ ಏರಿತು. ಯಾರ್ಡಿನಲ್ಲಿದ್ದ ಸಣ್ಣ ಗಾಡಿಗಳಲ್ಲಿ ಹೆಚ್ಚಿನವನ್ನು ಬಂದ ಬೆಲೆಗೆ ಮಾರಿ, ಕೂಡಿಟ್ಟದ್ದನ್ನೂ ಬಳಿದು ಅದನ್ನು ಕೊಂಡೆ. ಇಪ್ಪತ್ತೈದಕ್ಕೆ ಮಾರುತ್ತೇನೆ ಅಂತ ಇದೇ ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕಿ ಮೆರೆದೆ. ಬೆಲೆ ಬಿದ್ದದ್ದು ಕಂಡಿತ್ತು, ಇನ್ನೂ ಬೀಳಬಹುದು ಅನ್ನುವುದು ಮಾತ್ರ ಹೊಳೆಯಲಿಲ್ಲ.

ಚಾಚಾ ಅದರ ಸುತ್ತ ಎರಡು ಸುತ್ತು ಹಾಕಿದರು.

"ಗಾಡಿ ಭಾಳ ಚಲೋ ಐತಿ. ಆದ್ರ ತಂಗಿ, ಇಂಥಾದ್ದ ತಗೊಳೋ ಮಂದಿ ನಮ್ಮ ಗೇಟ್ ಯಾವಾಗ ನೋಡ್ಯಾರ?"

ಅವತ್ತಿನಿಂದ ಅದಕ್ಕೆ ಮೇಡಂ ಅಂತ ಹೆಸರಿಟ್ಟರು. ನಾನು ತಂಗಿ, ಅದು ಮೇಡಂ!

ಗಣೇಶ ಚವತಿ ಮುಗಿದು ಮಳೆ ಕಡಿಮೆಯಾಗಿತ್ತು. ಮೇಡಮ್ಮನ್ನು ಶೆಡ್ಡಿನ ಒಳಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿದೆವು. ಅಲ್ಲಿಂದ ಗೇಟಿನ ತನಕ ನೇರ ಸಿಮೆಂಟಿನ ದಾರಿ, ಮೂವತ್ತು ಹೆಜ್ಜೆ. ಮರುದಿನ ಚಾಚಾ ಗೆರೆ ಎಳೆದರು, ತಳ್ಳಿದರು. ಅದರ ಮರುದಿನವೂ ಮುಂದಕ್ಕೇ ತಳ್ಳಿದರು. ಇದನ್ನು ಯಾಕೆ ಹಿಂದಕ್ಕೆ ತರುವುದಿಲ್ಲ ಅಂತ ಕೇಳಿದೆ.

"ಹೊರಗ ಹೋಗಾಕ ಬಂದದ್ದಲ್ಲೇನು ಅದು? ಬಾಗಲ ಕಡೆ ನಡೀಲಿ ಬಿಡು."

ಮೊದಲ ಗಿರಾಕಿ ವಾರದೊಳಗೇ ಬಂದರು. ಮಡಗಾಂವ್‌ನ ಹಲ್ಲಿನ ಡಾಕ್ಟರು, ಐವತ್ತರ ಹತ್ತಿರದವರು. ಧಾರವಾಡದಲ್ಲಿ ಓದಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಸ್ಟಿಯರಿಂಗ್ ಮೇಲೆ ಕೈಯಿಟ್ಟು ಸುಮ್ಮನೆ ಹತ್ತು ನಿಮಿಷ ಕೂತರು.

"ಹದಿನೇಳು ಕೊಡತೇನ್ರಿ. ಕಾಲೇಜಿನಾಗ ಇದ್ದಾಗಿಂದ ಆಸೆ."

"ಡಾಕ್ಟ್ರ, ಇದು ಹಲ್ಲ ಕಿತ್ತಂಗ ಅಲ್ರಿ. ಇಪ್ಪತ್ತೈದಕ್ಕ ಒಂದ ಪೈಸಾ ಕಮ್ಮಿ ಇಲ್ಲ," ಅಂದೆ ನಾನು. ಎಷ್ಟು ಜಾಣತನದ ಮಾತು ಆಡಿದೆ ಅಂತ ಸಂಜೆ ತನಕ ಖುಷಿಪಟ್ಟೆ.

ಮುಂದಿನ ತಿಂಗಳು ಅವರೇ ಮತ್ತೆ ಬಂದು ಹದಿನಾಲ್ಕು ಅಂದರು. ಪಣಜಿಯಲ್ಲಿ ಇಂಥದ್ದೇ ಇನ್ನೊಂದು ಅಷ್ಟಕ್ಕೆ ಸಿಗುತ್ತಿತ್ತು. ಅದಾದ ಮೇಲೆ ಹನ್ನೆರಡೂವರೆ. ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ, ನಾನೂ ಫೋನಿನಲ್ಲಿ ನೋಡುತ್ತಿದ್ದೆನಲ್ಲ, ದಿನಾ ಒಬ್ಬ ಹೊಸಬ ತನ್ನ ಸ್ಪೋರ್ಟ್ಸ್ ಕಾರಿನ ಫೋಟೋ ಹಾಕಿ ಬೆಲೆ ಇಳಿಸುತ್ತಿದ್ದ. ಆದರೂ ಸಿಟ್ಟು ಬಂದದ್ದು ಡಾಕ್ಟರ ಮೇಲೆ. ಮೂರನೇ ಸಲ ಚಹಾ ಕೂಡ ಕೊಡಲಿಲ್ಲ.

ಇನ್ನೊಂದು ಕಡೆ ಗೇಟಿಗೆ ಬೇರೆಯೇ ಜನ ಬರುತ್ತಿದ್ದರು. ಬಸ್ ಹತ್ತಲು ಹೆದರುವವರು. ಕೆಲಸ ಹೋಗಿ ಸ್ವಂತ ವ್ಯಾಪಾರ ಹಿಡಿದವರು. ಸಡಾದಿಂದ ನಮ್ಮ ಕಡೆಯ ಗೌಂಡಿಯೊಬ್ಬ ಬಂದು ಕೇಳಿದ, "ಅಕ್ಕಾರ, ಕಟ್ಟಡದ ಕೆಲಸ ನಿಂತೈತಿ. ತರಕಾರಿ ಮಾರಾಕ ಒಂದ ಹಳೇ ವ್ಯಾನ್ ಇದ್ರ ಕೊಡ್ರಿ, ಅರ್ಧಾ ರೊಕ್ಕಾ ಈಗ ಕೊಡತೇನಿ." ನನ್ನ ಹತ್ತಿರ ವ್ಯಾನ್ ಇರಲಿಲ್ಲ. ತಂದು ಕೊಡಲು ದುಡ್ಡೂ ಇರಲಿಲ್ಲ, ಎಲ್ಲಾ ಆ ಕೆಂಪು ಬಾನೆಟ್ಟಿನ ಕೆಳಗೆ ಕೂತಿತ್ತು. ಅಂಥ ಎಷ್ಟೋ ಜನರನ್ನು ವಾಪಸ್ ಕಳಿಸಿದೆ.

ಜಾಗದ ಮಾಲೀಕರು ಒಂದು ಭಾನುವಾರ ಚರ್ಚಿನಿಂದ ನೇರ ಯಾರ್ಡಿಗೆ ಬಂದರು. ಖಾಲಿ ನೆಲ ನೋಡಿದರು. ಹೊಸ ವರ್ಷದಿಂದ ಜಾಗವನ್ನು ಫರ್ನಿಚರ್ ಗೋದಾಮಿಗೆ ಕೊಡಬೇಕು ಅಂತ ಇದ್ದೇನೆ, ನೀನು ವ್ಯಾಪಾರ ಮಾಡುವುದೇ ಕಾಣುವುದಿಲ್ಲವಲ್ಲ ಅಂದರು. ಒಳ್ಳೆಯವರೇ, ಮಾತು ಮೆತ್ತಗೆ ಆಡಿದರು. ಆದರೆ ನನಗೆ ಕಾಲ ಕೆಳಗಿನ ನೆಲವೇ ಹೋದ ಹಾಗಾಯಿತು. ಈ ಯಾರ್ಡ್ ಹೋದರೆ ನಾನು ಯಾರು?

ಮರುದಿನ ಚಾಚಾ ಎಂದಿನಂತೆ ಸೀಮೆಸುಣ್ಣ ಹಿಡಿದು ಕೂತಿದ್ದರು. ನನ್ನ ಸಿಟ್ಟು ಅವರ ಮೇಲೆ ಹೋಯಿತು.

"ನಿಮ್ಮ ಗೇಣಿನಿಂದ ರೇಟ್ ಏರತೈತೇನ್ರಿ? ಸಾಕ್ ಮಾಡ್ರಿ ಆ ಹುಚ್ಚಾಟ!"

ಅವರು ಗೆರೆ ಪೂರ್ತಿ ಎಳೆದರು, ತಳ್ಳಿದರು, ಕೈ ಒರೆಸಿಕೊಂಡರು. "ಸ್ಕೂಟಿ ತಗಿ. ಕೆಪೆ ಕಡೆ ಹೋಗಿ ಬರೂನು" ಅಂದರು.

ಗಣಿ ಕಡೆಯ ಊರು ಕೆಪೆ ದಾಟಿ, ಹಿಂದೆ ಅದಿರಿನ ಲಾರಿಗಳು ಓಡುತ್ತಿದ್ದ ರಸ್ತೆಯಲ್ಲಿ ಒಂದು ಬಯಲಿನ ಹತ್ತಿರ ನಿಲ್ಲಿಸಲು ಹೇಳಿದರು. ಕೆಲವು ವರ್ಷಗಳ ಹಿಂದೆ ಕೋರ್ಟಿನ ಆದೇಶದಿಂದ ಗಣಿ ನಿಂತಾಗ ಬಂದು ನಿಂತ ಟಿಪ್ಪರುಗಳು ಇನ್ನೂ ಅಲ್ಲೇ ಇದ್ದವು, ಆರೇಳು. ಟೈರು ಕೊಳೆತು ರಿಮ್ಮಿನ ಮೇಲೆ ಕೂತಿದ್ದವು. ಒಂದರ ಕ್ಯಾಬಿನ್ನಿನಿಂದ ಮರವೊಂದು ಕೊಂಬೆ ಹೊರಗೆ ಚಾಚಿತ್ತು, ಥೇಟ್ ಡ್ರೈವರ್ ಕೈ ಹೊರಗಿಟ್ಟ ಹಾಗೆ. ಸಾಲಿನ ನಡುವೆ ಒಂದು ಗಾಡಿಯಷ್ಟು ಜಾಗ ಖಾಲಿ. ಅಲ್ಲಿ ಹುಲ್ಲು ಸರಿಯಾಗಿ ಬೆಳೆದಿರಲಿಲ್ಲ, ಎಣ್ಣೆ ಇಳಿದು ಮಣ್ಣು ಕಪ್ಪಾಗಿತ್ತು.

"ನಂದು ಇಲ್ಲಿ ನಿಂತಿತ್ತು," ಅಂದರು. "ಸ್ವಂತದ್ದು. ಹನ್ನೊಂದ ವರ್ಷ ಬ್ಯಾರೇದವರ ಗಾಡಿ ಹೊಡದು ತಗೊಂಡಿದ್ದೆ. ಗಣಿ ನಿಂತ ತಿಂಗಳ ಒಬ್ಬಾಂವ ಬಂದು ಎಂಟ ಲಕ್ಷ ಕೇಳಿದ. ಹೋಗಲೇ ಅಂದೆ. ಮುಂದ ಆರು ಕೇಳಿದ್ರು, ಹೋಗಲೇ ಅಂದೆ. ಗಣಿ ಸುರು ಆಕ್ಕತಿ, ರೇಟ್ ಬರತೈತಿ ಅಂತ ದಿನಾ ಬಂದು ಇದರ ಮುಂದ ಕುಂದರತಿದ್ದೆ. ತಳ್ಳಲಿಲ್ಲ, ಸುರು ಮಾಡಲಿಲ್ಲ. ಬರೇ ನೋಡಕೋತ ಕುಂತೆ. ಕಡೀಕ ಗುಜರಿಯಾಂವ ಬಂದು ತೂಕಕ್ಕ ಒಯ್ದಾ, ತಂಗಿ. ಕಬ್ಬಿಣದ ತೂಕಕ್ಕ."

ಅವರೇ ಸ್ಕೂಟಿಯ ಹಿಂದೆ ಹತ್ತಿ ಕೂತು, "ನಡಿ, ಹಸಿವಾಗೈತಿ. ಇವತ್ತಿನ ಭಾಜಿ-ಪಾವ್ ನಿಂದು" ಅಂದರು.

ಅದಾಗಿ ಎಂಟು-ಹತ್ತು ದಿನಕ್ಕೆ, ಡಿಸೆಂಬರಿನ ಒಂದು ಬೆಳಗ್ಗೆ ಯಾರ್ಡಿಗೆ ಹೋದರೆ ಚಾಚಾ ಗೇಟಿನ ಹತ್ತಿರ ನಿಂತಿದ್ದಾರೆ. ಕೆಂಪು ಕಾರಿನ ಮೂತಿ ಗೇಟಿಗೆ ಮುಟ್ಟುವಷ್ಟು ಹತ್ತಿರ. ಹಿಂದೆ ಶೆಡ್ಡಿನ ಗೋಡೆಯ ತನಕ ಬಿಳಿ ಗೆರೆಗಳ ಸಾಲು, ಮಕ್ಕಳ ಸ್ಕೇಲಿನ ಮೇಲಿರುವ ಹಾಗೆ. ಒಂದೊಂದು ಗೆರೆಯೂ ನಾನು ಇಲ್ಲ ಅಂದ ಒಂದೊಂದು ದಿನ. ಚಾಚಾ ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟರು.

"ಇವತ್ತಿನ ಗೆರಿ ನೀ ಹಾಕು. ಮುಂದ ಹಾಕಿದ್ರ ಗೇಟ್ ತಗೀತೇನಿ. ಹಿಂದ ಒಯ್ಯೂದಿದ್ರ ಅದೂ ಹೇಳು, ಗ್ವಾಡಿ ತನಕಾ ತಳ್ಳತೇನಿ. ನನಗೇನು, ಪಗಾರ ಕೊಡತಿ."

ನಾನು ಕುಕ್ಕರುಗಾಲಲ್ಲಿ ಕೂತೆ. ಕಾರಿನ ಮೂತಿಯಿಂದ ಮುಂದಕ್ಕೆ ಗೇಣು ಹಾಕಿದೆ. ಗೆರೆ ಗೇಟಿನ ಹೊಸ್ತಿಲ ಮೇಲೆ ಬಿತ್ತು. ಎದ್ದು ಡಾಕ್ಟರಿಗೆ ಫೋನ್ ಮಾಡಿದೆ.

ಅವರು ಮಧ್ಯಾಹ್ನವೇ ಬಂದರು. ಒಂದು ಸುತ್ತು ಓಡಿಸಿಕೊಂಡು ಬಂದು ಹನ್ನೊಂದು ಅಂದರು. "ಮಾಪುಸಾದಾಗ ಒಂದು ಹತ್ತಕ್ಕ ಐತ್ರಿ. ಆದ್ರ ಅದು ನಿಂತು ನಿಂತು ಟೈರ್ ಹಾಳಾಗ್ಯಾವು, ಬ್ಯಾಟ್ರಿ ಸತ್ತೈತಿ, ಸ್ಪೀಡ್ ಹೋದ್ರ ಗಡಗಡ ನಡಗತೈತಿ. ಇದು ನಿನ್ನೆ ತನಕಾ ಓಡಿದಂಗ ಐತಿ. ಯಾರು ನೋಡಕೊಂಡಾರ?"

ಏಳು ಲಕ್ಷ ಹೋಯಿತು. ಬರೆಯುವಾಗ ಈಗಲೂ ಆ ಅಂಕಿ ಅಳಿಸಿಬಿಡೋಣ ಅನ್ನಿಸುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಹೂಂ ಅಂದೆ. ಅಂದ ಕೂಡಲೇ ಡಾಕ್ಟರಿಗೆ ಚಹಾ ತರಿಸಿದೆ, ನೋಡಿಕೊಂಡವರು ಇವರು ಅಂತ ಚಾಚಾ ಅವರನ್ನು ತೋರಿಸಿದೆ.

ಡಾಕ್ಟರು ಟಾಪ್ ತೆರೆದು ಚಾಚಾ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋದರು. ಚಾಚಾ ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ವಾಪಸ್ ಬಂದರು.

"ಹೆಂಗಿತ್ರಿ?" ಅಂದೆ.

"ಭಾಳ ತೆಳಗ ಕುಂದರಸತಾರ. ಟಿಪ್ಪರಿನ್ಯಾಗ ಕುಂತ್ರ ಊರ ಕಾಣತಿತ್ತು. ಇದರಾಗ ನಾಯಿ ಹೊಟ್ಟಿ ಕಾಣತೈತಿ." ಆಮೇಲೆ ಮೆತ್ತಗೆ ಸೇರಿಸಿದರು, "ಆದ್ರ ಮೇಡಂ ಚಂದ ಓಡತಾರ."

ಆ ವಾರವೇ ಡಾಕ್ಟರು ಕೊಟ್ಟ ಹಣದಲ್ಲಿ ಸಣ್ಣ ಗಾಡಿಗಳನ್ನು ತಂದೆ. ಮೊದಲ ವ್ಯಾನ್ ಸಡಾದ ಗೌಂಡಿಗೆ ಹೋಯಿತು, ತರಕಾರಿ ತುಂಬಿಕೊಂಡೇ ತೋರಿಸಲು ಬಂದ. ಕ್ರಿಸ್‌ಮಸ್ ಕೇಕ್ ಹಿಡಿದು ಬಂದ ಮಾಲೀಕರಿಗೆ ಸ್ಕೂಟರ್ ನಿಲ್ಲಿಸಲು ಜಾಗ ಸಿಗಲಿಲ್ಲ, ಅಷ್ಟು ಗಾಡಿಗಳಿದ್ದವು. ಗೋದಾಮಿನ ಮಾತು ಅಲ್ಲಿಗೇ ಬಿಟ್ಟರು. ಹೋದ ಏಳು ಲಕ್ಷ ವಾಪಸ್ ದುಡಿಯಲು ಎರಡು ವರ್ಷ ಹಿಡಿಯಿತು. ದುಡಿದೆ. ಬೋರ್ಡಿನ ಮೇಲೆ ಇವತ್ತಿಗೂ ನನ್ನ ಹೆಸರೇ ಇದೆ.

ಹೋದ ಮಳೆಗಾಲದಲ್ಲಿ ಚಾಚಾ ತೀರಿಕೊಂಡರು, ಸಡಾದಲ್ಲಿ ಮಗಳ ಮನೆಯಲ್ಲಿ. ಹಿಂದಿನ ದಿನ ಫೋನಿನಲ್ಲಿ "ಕೂಸುಗಳನ್ನ ಸರಿಸಿದಿ ಇಲ್ಲೋ?" ಅಂತ ಕೇಳಿದ್ದರು. ಹೂಂ ಅಂದಿದ್ದೆ. ಸರಿಸಿರಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಬೇಗ ಯಾರ್ಡಿಗೆ ಹೋಗಿ ಒಂಬತ್ತೂ ಗಾಡಿಗಳನ್ನು ನಾನೇ ತಳ್ಳಿದೆ. ಈಗಲೂ ತಳ್ಳುತ್ತೇನೆ. ನಿಜ ಹೇಳಬೇಕೆಂದರೆ ಅಗತ್ಯವಿಲ್ಲ, ನನ್ನ ಗಾಡಿಗಳು ಟೈರು ಚಪ್ಪಟೆಯಾಗುವಷ್ಟು ದಿನ ನಿಲ್ಲುವುದೇ ಇಲ್ಲ. ನ್ಯಾಯದ ಬೆಲೆ ಬಂದರೆ ಮೊದಲ ದಿನವೇ ಬಿಡುತ್ತೇನೆ. ನನ್ನ ಗೇಣು ಸಣ್ಣದು, ಅದಕ್ಕೆ ಎರಡು ಬೆರಳು ಸೇರಿಸಿ ಅಳೆಯುತ್ತೇನೆ. ಗೇಟಿನ ಹೊಸ್ತಿಲ ಮೇಲಿನ ಆ ಗೆರೆಯನ್ನು ಮಳೆ ತೊಳೆಯಬಾರದು ಅಂತ ಬಿಳಿ ಪೇಂಟಿನಲ್ಲಿ ತಿದ್ದಿದ್ದೇನೆ. ಗಿರಾಕಿಗಳು ಅದೇನು ಅಂತ ಕೇಳುತ್ತಾರೆ. ಚಹಾ ಕೊಟ್ಟು ಹೇಳುತ್ತೇನೆ, ಗ್ಲಾಸ್ ಬಾನೆಟ್ ಮೇಲೆ ಇಡಬೇಡಿ ಅಂತಲೂ ಹೇಳುತ್ತೇನೆ.

ಈಗ ನಿಮ್ಮ ಸರದಿ. ನೀವು ಬಿಡದೆ ಹಿಡಿದು ಕೂತಿದ್ದ ಕೆಂಪು ಕಾರು ಯಾವುದಾಗಿತ್ತು? ಹೊಲವೋ, ಅಂಗಡಿಯೋ, ಇನ್ನೇನೋ. ಎಷ್ಟು ಕಳೆದುಕೊಂಡಿರಿ ಅಂತ ಬರೆಯಬೇಡಿ, ಅದು ಎಲ್ಲರದೂ ಒಂದೇ ಕಥೆ. ಅದನ್ನು ದಿನಾ ಒಂದು ಗೇಣು ಗೇಟಿನ ಕಡೆ ತಳ್ಳಿದವರು ಯಾರು, ಅದನ್ನು ಕೆಳಗೆ ಬರೆಯಿರಿ. ಅವರು ಇನ್ನೂ ಇದ್ದರೆ, ಬರೆಯುವ ಮೊದಲು ಒಂದು ಫೋನ್ ಮಾಡಿ.