ಉಸಿರಿಗೆ ಎತ್ತಿಟ್ಟ ಜಾಗ

ಆಫೀಸಿನಲ್ಲಿ ಅವಳಿಗೆ ಇಲ್ಲಕ್ಕ ಎಂದೇ ಹೆಸರು. ಪಕ್ಕದ ಮೇಜಿನವರು ‘ಅಕ್ಕ, ಚಾರ್ಜರ್ ಇದ್ಯಾ?’ ಎಂದರೂ ಮೊದಲು ‘ಇಲ್ಲ’ ಎಂದು, ಆಮೇಲೆ ಬ್ಯಾಗು ತಡಕಿ ತೆಗೆದುಕೊಡುವ ಹೆಂಗಸು. ಗಂಡ ಇದಕ್ಕೆ ಎಂದೋ ಒಗ್ಗಿಹೋಗಿದ್ದಾನೆ. ‘ನನ್ನನ್ನ ಮದುವೆ ಆಗೋಕೆ ಮಾತ್ರ ಹೇಗೋ ಹೂಂ ಅಂದ್ಬಿಟ್ಟಳು, ಅವತ್ತು ಇವಳಿಗೆ ಮೈ ಹುಷಾರಿರಲಿಲ್ಲ ಅನ್ಸುತ್ತೆ’ ಎಂದು ನೆಂಟರನ್ನು ನಗಿಸುತ್ತಾನೆ.

ಮಾಡುವ ಕೆಲಸವೂ ಸ್ವಭಾವಕ್ಕೆ ತಕ್ಕದ್ದೇ. ಕಂಪನಿ ತಯಾರಿಸುವುದು ಆಸ್ಪತ್ರೆಯ ಉಸಿರಾಟದ ಯಂತ್ರ. ಅದರೊಳಗೆ ಹತ್ತಾರು ಪ್ರೋಗ್ರಾಮ್‌ಗಳು: ಒಂದು ಉಸಿರು ತಳ್ಳುತ್ತದೆ, ಒಂದು ಪರದೆಯ ಮೇಲೆ ಗೆರೆ ಎಳೆಯುತ್ತದೆ, ಇನ್ನೊಂದು ಎಚ್ಚರಿಕೆಯ ಸದ್ದು ಮಾಡುತ್ತದೆ. ಎಲ್ಲಕ್ಕೂ ಮೆಮೊರಿ ಬೇಕು, ಮೆಮೊರಿ ಇರುವುದು ಇಷ್ಟೇ ಇಷ್ಟು. ಅದನ್ನು ಹಂಚಿಕೊಡುವುದು ಎಲ್ಲದರ ತಳದಲ್ಲಿ ಕೂತ ಕರ್ನಲ್ ಎಂಬ ಮೂಲ ಪ್ರೋಗ್ರಾಮು. ಆ ಹಂಚಿಕೆಯ ಕೋಡ್ ಬರೆದವಳು ಇಲ್ಲಕ್ಕ. ಯಂತ್ರ ಶುರುವಾಗುತ್ತಲೇ ಉಸಿರಿನ ಪಾಲನ್ನು ಎತ್ತಿಟ್ಟುಬಿಡಬೇಕು, ಅದನ್ನು ಬೇರೆ ಯಾರೂ ಮುಟ್ಟಕೂಡದು. ಉಳಿದದ್ದನ್ನು ಕೇಳಿದವರಿಗೆ ಕೊಡುವುದು, ಮುಗಿದ ಮೇಲೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವುದು.

ಹೊಸದಾಗಿ ಬಂದ ಮುಖ್ಯಸ್ಥನಿಗೆ ಇದು ಹಿಡಿಸಲಿಲ್ಲ. ಅವನು ಆಸೆಪಟ್ಟು ಮಾಡಿಸಿದ ಬಣ್ಣಬಣ್ಣದ ಪರದೆಗೆ ಕರ್ನಲ್ ಜಾಗ ಇಲ್ಲ ಎಂದಿತ್ತು. ಪರೀಕ್ಷಾ ಕೋಣೆಯಲ್ಲೇ ಎಲ್ಲರನ್ನೂ ಸೇರಿಸಿದ.

‘ಮೇಡಂ, ಅಷ್ಟೊಂದು ಜಾಗ ಸುಮ್ನೆ ಬಿದ್ದಿದೆ. ಪ್ರೋಗ್ರಾಮ್‌ಗಳು ಕೇಳೋದು ಜಾಸ್ತಿ, ಬಳಸೋದು ಕಮ್ಮಿ. ಎಲ್ಲರಿಗೂ ಹೂಂ ಅಂದ್ಬಿಡೋಣ.’

‘ಎಲ್ಲರೂ ಒಟ್ಟಿಗೆ ಬಂದು, ಕೊಡ್ತೀನಿ ಅಂದಿದ್ದನ್ನ ಕೊಡು ಅಂದ್ರೆ?’

‘ಯಾವ ಪ್ರೋಗ್ರಾಮು ಹೆಚ್ಚು ಜಾಗ ಹಿಡ್ಕೊಂಡಿದ್ಯೋ ಅದನ್ನ ಕರ್ನಲ್ಲೇ ನಿಲ್ಲಿಸಿ ಕೊಂದುಬಿಡುತ್ತೆ. ಜಾಗ ಖಾಲಿ ಆಗುತ್ತೆ.’

ಇಲ್ಲಕ್ಕನಿಗೆ ಮೈಯೆಲ್ಲ ಉರಿಯಿತು. ಅವಳ ಅಮ್ಮನೂ ಹೀಗೇ. ಬರುತ್ತೇವೆ ಎಂದ ನೆಂಟರಿಗೆಲ್ಲ ‘ಬನ್ನಿ ಬನ್ನಿ, ಜಾಗಕ್ಕೇನು ಕಮ್ಮಿ’ ಎಂದು ಅಂಗೈಯಲ್ಲಿ ಆಕಾಶ ತೋರಿಸುತ್ತಿದ್ದಳು. ಯಾರೂ ಒಟ್ಟಿಗೆ ಬರುವುದಿಲ್ಲ ಎಂಬ ಧೈರ್ಯ. ಒಂದು ಸಲ ಒಟ್ಟಿಗೇ ಬಂದಿಳಿದರು. ಮನೆಯಲ್ಲಿದ್ದ ಒಂದೇ ದೊಡ್ಡ ಮಂಚ ಹಾಸಿಗೆ ಹಿಡಿದಿದ್ದ ಅಜ್ಜಿಯದು. ಹೆಚ್ಚು ಜಾಗ ಹಿಡಿದವಳು ಅವಳೇ ತಾನೇ? ಅಜ್ಜಿಯನ್ನು ಎಬ್ಬಿಸಿ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಚಾಪೆ ಹಾಸಿ ಮಲಗಿಸಿದರು. ಯಾರೂ ಕೆಟ್ಟವರಲ್ಲ, ನಗುನಗುತ್ತಲೇ ಮಾಡಿದರು. ಆ ನಗುವನ್ನು ಇಲ್ಲಕ್ಕ ಇವತ್ತಿಗೂ ಕ್ಷಮಿಸಿಲ್ಲ.

‘ಒಂದೊಂದು ಉಸಿರಿನ ಒತ್ತಡವನ್ನೂ ನೆನಪಿಟ್ಕೊಳ್ಳೋದು ಉಸಿರಿನ ಪ್ರೋಗ್ರಾಮು. ಹೆಚ್ಚು ಜಾಗ ಹಿಡಿಯೋದೂ ಅದೇ. ಅದನ್ನೇ ಕೊಲ್ತೀರಾ ಸಾರ್?’

‘ಇದನ್ನ ಕೊಲ್ಲಬೇಡ ಅಂತ ಒಂದು ಗುರುತು ಹಾಕಿದ್ರಾಯ್ತು.’

‘ಆಗ ಸಾಯಲ್ಲ, ಕಾಯುತ್ತೆ. ಕರ್ನಲ್ ಇನ್ಯಾರನ್ನೋ ಕೊಂದು ಜಾಗ ಬಿಡಿಸೋವರೆಗೂ ಕಾಯ್ತಾ ಕೂರುತ್ತೆ. ಉಸಿರು ಕಾಯೋಕಾಗುತ್ತಾ?’

ಮುಖ್ಯಸ್ಥ ಹುಬ್ಬು ಗಂಟಿಕ್ಕಿದ. ‘ಈ ಬದಲಾವಣೆಗೆ ನೀವು ಒಪ್ಪಿಗೆ ಕೊಡದಿದ್ರೆ ಈ ಕೋಡು ಬೇರೆಯವರ ಕೈಗೆ ಹೋಗುತ್ತೆ. ನೀವು ಕೈಪಿಡಿ ಬರೆಯೋ ವಿಭಾಗಕ್ಕೆ.’

ಕೂತಿದ್ದವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಫೋನು ನೋಡತೊಡಗಿದರು, ಪುಣ್ಯಾತ್ಮರು. ಇಲ್ಲಕ್ಕ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಮೇಜಿನ ಮೇಲೆ ಎರಡು ಯಂತ್ರಗಳಿದ್ದವು, ಒಂದರಲ್ಲಿ ಅವಳ ಕೋಡು, ಇನ್ನೊಂದರಲ್ಲಿ ಅವನು ಹೇಳಿ ಬರೆಸಿದ್ದು. ಶ್ವಾಸಕೋಶದ ಬದಲಿಗೆ ಎರಡಕ್ಕೂ ರಬ್ಬರಿನ ಚೀಲ ಸಿಕ್ಕಿಸಿದ್ದರು. ತನ್ನ ಯಂತ್ರದ ಚೀಲ ಕಿತ್ತು, ಮಾಸ್ಕ್ ಜೋಡಿಸಿ, ಅದನ್ನು ತನ್ನ ಮುಖಕ್ಕೇ ಕಟ್ಟಿಕೊಂಡಳು. ಆಮೇಲೆ ಅದೇ ಯಂತ್ರದಲ್ಲಿ ಎಲ್ಲ ಪ್ರೋಗ್ರಾಮ್‌ಗಳೂ ಒಟ್ಟಿಗೆ ಮೆಮೊರಿ ಕೇಳುವ ಹಾಗೆ ಮಾಡಿದಳು. ಪರದೆ ತಡವರಿಸಿ ಕಪ್ಪಾಯಿತು. ಗೆರೆಗಳು ಹೋದವು, ಬಣ್ಣ ಹೋಯಿತು. ಅವಳ ಎದೆ ಮಾತ್ರ ಒಂದೇ ಸಮನೆ ಏರಿ ಇಳಿಯುತ್ತಿತ್ತು. ಕೋಣೆಯಲ್ಲಿ ಈಗ ಯಾರೂ ಫೋನು ನೋಡುತ್ತಿರಲಿಲ್ಲ.

ಮಾಸ್ಕ್ ಬಿಚ್ಚಿದಳು. ಅವನ ಯಂತ್ರಕ್ಕೆ ಹೊಸದೊಂದು ಮಾಸ್ಕ್ ಜೋಡಿಸಿ ಮುಂದೆ ಹಿಡಿದಳು.

‘ಹಾಕ್ಕೊಳ್ಳಿ ಸಾರ್. ಈಗ ಮಾಡಿದ್ದನ್ನೇ ಇದರಲ್ಲೂ ಮಾಡ್ತೀನಿ. ಎದ್ದು ಬಂದ್ರೆ ಈ ಕ್ಷಣವೇ ಒಪ್ಪಿಗೆ.’

ಮುಖ್ಯಸ್ಥ ನಗಲು ನೋಡಿದ, ನಗು ಬರಲಿಲ್ಲ. ಮಾಸ್ಕನ್ನು ಕೈಗೆ ತೆಗೆದುಕೊಂಡವನು ಮುಖದವರೆಗೂ ಒಯ್ಯಲಿಲ್ಲ.

‘ಏನ್ ಮೇಡಂ ಇದು ಹುಡುಗಾಟ. ಮನೇಲಿ ಚಿಕ್ಕ ಮಕ್ಕಳಿದ್ದಾರೆ ನಂಗೆ.’

‘ಆಸ್ಪತ್ರೆ ಮಂಚದ ಮೇಲಿರೋರಿಗೂ ಇರ್ತಾರೆ ಸಾರ್.’

ಮುಂದಿನ ವಾರ ಅವಳನ್ನು ಕೈಪಿಡಿಯ ವಿಭಾಗಕ್ಕೆ ಎತ್ತಿಹಾಕಿದರು. ಹೇಳಿದ್ದನ್ನು ಮಾಡಿ ತೋರಿಸಿದ, ಮಹಾನುಭಾವ. ಇಲ್ಲಕ್ಕ ತಲೆ ಎತ್ತಿಕೊಂಡೇ ಹೋದಳು, ಹೋಗುವ ಮೊದಲು ಮನಸಾರೆ ಬೈದೂ ಹೋದಳು. ಆದರೆ ಆ ಬದಲಾವಣೆಗೆ ಒಪ್ಪಿಗೆ ಕೊಡುವವರು ಇನ್ನೂ ಸಿಕ್ಕಿಲ್ಲ. ಅವಳ ಕುರ್ಚಿಯಲ್ಲಿ ಯಾರು ಬಂದು ಕೂತರೂ, ಅವತ್ತು ಆ ಕೋಣೆಯಲ್ಲಿದ್ದವರಲ್ಲಿ ಯಾರಾದರೊಬ್ಬರು ಎದ್ದು ಬಂದು ಮೇಜಿನ ಮೇಲೆ ಒಂದು ಮಾಸ್ಕ್ ಇಟ್ಟು ಹೋಗುತ್ತಾರೆ.